ಸಹಾಯ ಬೇಕು: ಸೊರಗಿದ ಆರ್ಕಿಡ್ ಗಿಡಗಳನ್ನು ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನವರ ಮನೆಯಲ್ಲಿ ಬಹಳ ಕಾಲ ಆರೈಕೆಯಿಲ್ಲದೆ ಉಳಿದಿದ್ದ ಕೆಲವು ಆರ್ಕಿಡ್ ಗಿಡಗಳು ಈಗ ನನ್ನ ಪಾಲಿಗೆ ಬಂದಿದ್ದು, ಅವುಗಳ ಪಾಲನೆಯನ್ನು ನಾನು ಹೊಸದಾಗಿ ಕಲಿಯುತ್ತಿದ್ದೇನೆ.

ಮರದ ತುಂಡಿಗೆ ಕಟ್ಟಿರುವ ಸೀತಾಳೆ ದಂಡೆಯ ಬಗ್ಗೆ ನನಗೆ ಆತಂಕವಿಲ್ಲ. ಅದರ ಬೂದುಬಣ್ಣದ ಬೇರುಗಳು ನೀರು ಸೋಕಿದೊಡನೆ ಹಸಿರಾಗುತ್ತವೆ, ಅಂದರೆ ಅವು ಜೀವಂತವಾಗಿವೆ. ಚಿಂತೆಯಿರುವುದು ಫೆಲನಾಪ್ಸಿಸ್ ಬಗ್ಗೆ. ಕುಂಡದಲ್ಲಿದ್ದ ತೆಂಗಿನ ನಾರು ಕೊಳೆತು ಮುದ್ದೆಯಾಗಿ, ಗಾಳಿಯಾಡದೆ ಬಹುತೇಕ ಬೇರುಗಳು ಕಂದುಬಣ್ಣಕ್ಕೆ ತಿರುಗಿ ಟೊಳ್ಳಾಗಿವೆ, ಎಲೆಗಳು ಜೋತುಬಿದ್ದಿವೆ. ನೀರಿನ ಕೊರತೆಯಂತೆ ಕಂಡರೂ, ಹೀರಿಕೊಳ್ಳಲು ಬೇರೇ ಇಲ್ಲದಿರುವಾಗ ಹೆಚ್ಚು ನೀರು ಹಾಕುವುದರಿಂದ ಕೇಡೇ ಆಗುತ್ತದೆ. ಆದ್ದರಿಂದ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತರಿಯಿಂದ ಕೊಳೆತ ಬೇರುಗಳನ್ನು ತೆಗೆದು, ಗಟ್ಟಿಯಾಗಿರುವವನ್ನು ಉಳಿಸಿಕೊಂಡು, ಹೊಸದಾಗಿ ನೆಡಬೇಕೆಂದಿದ್ದೇನೆ. ಹೊಸ ಬೇರು ಮೂಡುವವರೆಗೆ ಗೊಬ್ಬರ ಕೊಡುವುದಿಲ್ಲ.

ನಮ್ಮ ಮಳೆಗಾಲದಲ್ಲಿ ತೆಂಗಿನ ಸಿಪ್ಪೆಯ ತುಂಡುಗಳು ವಾರಗಟ್ಟಲೆ ಒಣಗುವುದಿಲ್ಲವಾದ್ದರಿಂದ, ಬರಿಯ ಇದ್ದಿಲು ಮತ್ತು ಹೆಂಚಿನ ಚೂರುಗಳಲ್ಲಿ ನೆಟ್ಟರೆ ಸಾಕೇ, ಅಥವಾ ಬೇಸಿಗೆಯಲ್ಲಿ ಅದು ತೀರಾ ಒಣಗಿಬಿಡುವುದೇ?

ಡೆಂಡ್ರೋಬಿಯಂ ಗಿಡದ ಹಳೆಯ ಕಾಂಡಗಳಲ್ಲಿ ಎಲೆಯಿಲ್ಲ, ಆದರೆ ಸುಕ್ಕಾಗಿದ್ದರೂ ಹಸಿರಾಗಿವೆ. ನೀರು, ಆಹಾರಗಳ ಸಂಗ್ರಹ ಅವುಗಳಲ್ಲಿಯೇ ಇರುವುದರಿಂದ ಕತ್ತರಿಸಲು ನನಗೆ ಮನಸ್ಸಿಲ್ಲ. ಒಂದು ಕಾಂಡದ ತುದಿಯಲ್ಲಿ ಮರಿಸಸಿಯೊಂದು ಬಂದಿದ್ದು, ಬೇರು ಎಷ್ಟು ಉದ್ದವಾದ ಮೇಲೆ ಅದನ್ನು ಬೇರ್ಪಡಿಸಬಹುದು?

ಆಗುಂಬೆ, ಹೊಸನಗರದ ಕಡೆ ಜಡಿಮಳೆಯಲ್ಲಿ ಇವನ್ನು ಬೆಳೆಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು. ಬೇರುಗಳ ಚಿತ್ರಗಳು ಬೇಕಿದ್ದರೆ ಹಾಕುತ್ತೇನೆ.