ರಾತ್ರಿ ಕೈ ಜೋಮು ಹಿಡಿಯುತ್ತದೆ, ಕಾರ್ಪಲ್ ಟನಲ್ ಅಂತೆ. ಟೈಪಿಂಗೇ ಕಾರಣವಾ?

ಪ್ರಶ್ನೆ:
ಎರಡು ತಿಂಗಳಿಂದ ಬಲಗೈಯ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತಿವೆ. ಮಧ್ಯರಾತ್ರಿ ಎಚ್ಚರವಾಗಿ ಕೈ ಒದರಿಕೊಂಡು ಕೂರುತ್ತೇನೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಬೆಳಿಗ್ಗೆ ಅಂಗಿ ಗುಂಡಿ ಹಾಕುವಾಗ ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ಡಾಕ್ಟರು ಕಾರ್ಪಲ್ ಟನಲ್ ಇರಬಹುದು ಅಂದರು. ನನ್ನದು ದಿನವಿಡೀ ಟೈಪ್ ಮಾಡುವ ಕೆಲಸ. ಅದರಿಂದಲೇ ಬಂತಾ? ಕೆಲಸವನ್ನೇ ಬಿಡಬೇಕಾ ಅಂತ ಭಯವಾಗಿದೆ.

ಉತ್ತರ 1:
ಕೆಲಸ ಬಿಡುವ ಮಾತು ಈಗಲೇ ಬೇಡ. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಾದ ದಾರಿ ಇದೆ, ಕಾರ್ಪಲ್ ಟನಲ್ ಅನ್ನುವುದು ಅದನ್ನೇ. ಕೆಳಗೆ, ಅಕ್ಕಪಕ್ಕ ಮೂಳೆ, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ, ನಿಮಗೆ ಜೋಮು ಹಿಡಿಯುವ ಆ ಬೆರಳುಗಳಿಗೆ ಹೋಗುವ ಮೀಡಿಯನ್ ನರವೂ ಅದರೊಳಗೇ ಹಾದುಹೋಗಬೇಕು. ಮೂಳೆ ಸರಿಯುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ಒಂಚೂರು ಊತ ಬಂದರೂ ಒತ್ತಡ ಬೀಳುವುದು ನರದ ಮೇಲೆ.

ಆ ಊತ ಯಾಕೆ ಬಂತು ಅಂತ ಹುಡುಕಬೇಕು. ಥೈರಾಯ್ಡ್ ಕಡಿಮೆ ಇರುವುದು, ಸಕ್ಕರೆ ಕಾಯಿಲೆ, ರುಮಟಾಯ್ಡ್ ಸಂಧಿವಾತ, ತೂಕ ಜಾಸ್ತಿ ಇರುವುದು, ಹಿಂದೆ ಮಣಿಕಟ್ಟು ಮುರಿದಿರುವುದು, ಇವೆಲ್ಲ ಕಾರಣವಾಗಬಹುದು. ಬಸುರಿಯರಿಗೆ ಮೈಯಲ್ಲಿ ನೀರು ತುಂಬಿ ಬರುತ್ತದೆ, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಇಳಿಯುತ್ತದೆ. ಕೆಲವರಿಗೆ ಆ ದಾರಿಯೇ ಸಣ್ಣದಿರುತ್ತದೆ. ಕೆಲಸದಿಂದ ಬರುವುದೇ ಇಲ್ಲ ಅಂತಲ್ಲ. ನಡುಗುವ ಯಂತ್ರವನ್ನು ಬಿಗಿಯಾಗಿ ಹಿಡಿದು ದುಡಿಯುವವರಿಗೆ ಅಪಾಯ ಜಾಸ್ತಿ, ಆದರೆ ಬರೀ ಟೈಪಿಂಗ್‌ನಿಂದ ಬರುತ್ತದೆ ಅನ್ನುವುದಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲ.

ಉತ್ತರ 2:
ನನಗೂ ಹೀಗೇ ಆಗಿತ್ತು. ಮೌಸ್ ಬದಲಾಯಿಸಿದೆ, ಕುರ್ಚಿ ಬದಲಾಯಿಸಿದೆ, ಏನೂ ಆಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಡಿಮೆ ಅಂತ ಬಂತು, ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಜೋಮು ಇಳಿಯಿತು. ನೀವು ಮಲಗುವಾಗ ಕೈ ಹೇಗೆ ಇಟ್ಟುಕೊಳ್ಳುತ್ತೀರಿ? ನಾನು ಮಣಿಕಟ್ಟು ಮಡಚಿ ಕೆನ್ನೆಯಡಿ ಇಟ್ಟುಕೊಳ್ಳುತ್ತಿದ್ದೆ. ಮಡಚಿದಾಗ ಒಳಗಿನ ಒತ್ತಡ ಇನ್ನೂ ಏರುತ್ತದೆ, ರಾತ್ರಿ ಜಾಸ್ತಿಯಾಗುವುದು ಅದಕ್ಕೇ. ಕೈ ನೇರವಾಗಿ ನಿಲ್ಲಿಸುವ ಸ್ಪ್ಲಿಂಟ್ ಹಾಕಿಕೊಂಡು ಮಲಗಿ ನೋಡಿ.

ಉತ್ತರ 3:
ಕಿರುಬೆರಳಿಗೂ ಜೋಮು ಬರುತ್ತದಾ? ಬಂದರೆ ಬೇರೆ ನರ ಇರಬಹುದು, ಮೊಣಕೈ, ಕುತ್ತಿಗೆ ಎರಡನ್ನೂ ನೋಡಿಸಬೇಕು. ಮೀಡಿಯನ್ ನರ ಕಿರುಬೆರಳಿಗೆ ಹೋಗುವುದಿಲ್ಲ. ನರದ ಪರೀಕ್ಷೆ, ಅದೇ ನರ್ವ್ ಕಂಡಕ್ಷನ್, ಮಾಡಿದರೆ ಒತ್ತಡ ಎಲ್ಲಿದೆ ಅಂತ ತಿಳಿಯುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಇನ್ನೊಂದು ಕೈಗಿಂತ ಬತ್ತಿದಂತೆ ಕಂಡರೆ ದಯವಿಟ್ಟು ತಡ ಮಾಡಬೇಡಿ.

ಪ್ರಶ್ನೆ ಕೇಳಿದವರು:
ಕಿರುಬೆರಳು ಸರಿಯಾಗಿದೆ. ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿದೆ, ಬತ್ತಿದಂತೆ ಕಾಣಲಿಲ್ಲ. ಅಮ್ಮನಿಗೆ ಥೈರಾಯ್ಡ್ ಇದೆ, ನಾನು ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ. ಈ ವಾರವೇ ಮಾಡಿಸುತ್ತೇನೆ.