ಬಿಟ್ಟುಹೋದ ವ್ಯಾಯಾಮ ಮತ್ತೆ ಹಿಡಿಯುವುದು ಹೇಗೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ 6ರವರೆಗೆ ಫಿಸಿಯೋಥೆರಪಿಸ್ಟ್ ಮೇಡಂ ನಮ್ಮ ಜೊತೆ ಇರುತ್ತಾರೆ. ವಿಷಯ: ವ್ಯಾಯಾಮ ಶುರು ಮಾಡಿ ನಡುವೆ ಬಿಟ್ಟುಬಿಡುವುದು, ಮನಸ್ಸು ಒಪ್ಪದಿರುವುದು. ಒಬ್ಬರಿಗೆ ಒಂದೇ ಪ್ರಶ್ನೆ. ಊರಿನ ಹೆಸರು ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತಿಪಟೂರು: ಮೇಡಂ, ಬೆಳಿಗ್ಗೆ 5ಕ್ಕೆ ಅಲಾರಂ ಇಡ್ತೀನಿ, ಎಚ್ಚರಾನೂ ಆಗುತ್ತೆ. ಆದ್ರೆ ನಾಳೆಯಿಂದ ಖಂಡಿತ ಅಂದ್ಕೊಂಡು ಮತ್ತೆ ಹೊದ್ದು ಮಲಗ್ತೀನಿ. ಒಂದು ವಾರ ನಡೆಯುತ್ತೆ, ಆಮೇಲೆ ನಿಂತೇ ಹೋಗುತ್ತೆ.

ಫಿಸಿಯೋ ಮೇಡಂ: ಹಾಸಿಗೆಯಲ್ಲಿ ಮಲಗಿಕೊಂಡೇ 'ಹೋಗಲೋ ಬೇಡವೋ' ಎಂದು ಕೇಳಿಕೊಂಡರೆ ನಿದ್ದೆಗಣ್ಣು ಬೇಡ ಎಂದೇ ಹೇಳುತ್ತದೆ. ಅದು ರಾತ್ರಿಯೇ ತೀರ್ಮಾನವಾಗಿರಬೇಕು. ಬಟ್ಟೆ, ಶೂ, ಬೀಗದ ಕೈ ಮೂರನ್ನೂ ಬಾಗಿಲ ಹತ್ತಿರ ಇಟ್ಟು ಮಲಗಿ. ವ್ಯಾಯಾಮವನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. 'ಹಾಲಿನ ಪ್ಯಾಕೆಟ್ ಒಳಗಿಟ್ಟ ತಕ್ಷಣ ಶೂ ಹಾಕುತ್ತೇನೆ', ಇಷ್ಟೇ.

ಇನ್ನೊಂದು, ಎರಡು ಅಳತೆ ಇಟ್ಟುಕೊಳ್ಳಿ. ಒಳ್ಳೆಯ ದಿನಕ್ಕೆ 35 ನಿಮಿಷ ಬಿರುಸು ನಡಿಗೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೆಟ್ಟ ದಿನಕ್ಕೆ 8 ನಿಮಿಷ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು 10ರಂತೆ ಎರಡು ಸಲ, ಗೋಡೆಗೆ ಕೈಯೂರಿ ತಳ್ಳುವುದು 10ರಂತೆ ಎರಡು ಸಲ, ಉಳಿದ ಹೊತ್ತು ಮನೆಯೊಳಗೇ ನಡಿಗೆ. ಎರಡಕ್ಕೂ ಕ್ಯಾಲೆಂಡರಿನಲ್ಲಿ ಒಂದೇ ಗುರುತು ಹಾಕಿ. 35 ನಿಮಿಷ ಆಗದಿದ್ದರೆ ಏನೂ ಬೇಡ ಎನ್ನುವ ಲೆಕ್ಕವೇ ಎರಡನೇ ವಾರದಲ್ಲಿ ನಿಮ್ಮನ್ನು ನಿಲ್ಲಿಸುತ್ತಿರುವುದು. ಮಲಗುವುದು 12ಕ್ಕಾದರೆ ಬೆಳಿಗ್ಗೆ 5 ಬೇಡ. ಸಂಜೆ ಮಾಡಿ.

ದಾವಣಗೆರೆ: 21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗುತ್ತಂತೆ, ನಿಜಾನಾ ಮೇಡಂ? ನಾನು 17ನೇ ದಿನಕ್ಕೆ ತಪ್ಪಿಸ್ದೆ, ಮತ್ತೆ ಒಂದರಿಂದ ಎಣಿಸ್ಬೇಕಾ?

ಫಿಸಿಯೋ ಮೇಡಂ: ಎಣಿಸಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಭ್ಯಾಸ ಕೂರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು, ಮಧ್ಯದ ಲೆಕ್ಕ 66. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ನಿಮಗೆ ಇವತ್ತು 18ನೇ ದಿನ.

ಮಂಡ್ಯ: ಜೀರಿಗೆ ನೀರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿದ್ರೆ ವ್ಯಾಯಾಮ ಇಲ್ದೇನೇ ತಿಂಗಳಿಗೆ 6 ಕೆಜಿ ಇಳಿಯುತ್ತೆ ಅಂತ ಬಂದಿದೆ. ಫಾರ್ವರ್ಡ್ ಮಾಡ್ಲಾ?

ಫಿಸಿಯೋ ಮೇಡಂ: ಬೇಡ. ಇಳಿಯುವುದಿಲ್ಲ.

ತೀರ್ಥಹಳ್ಳಿ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡೋಕಾಗಲ್ಲ. ಪ್ರತಿ ಮಳೆಗಾಲ ನಡಿಗೆ ನಿಲ್ಲುತ್ತೆ.

ಫಿಸಿಯೋ ಮೇಡಂ: ಜಗಲಿಯ ಮೆಟ್ಟಿಲು ಒಂದೇ ಸಾಕು, 15ರಿಂದ 18 ಸೆಂ.ಮೀ. ಎತ್ತರದ್ದು, ಒದ್ದೆ ಇರಬಾರದು. ಹತ್ತಿ ಇಳಿಯುವುದು 3 ನಿಮಿಷ, 1 ನಿಮಿಷ ಬಿಡುವು, ಹೀಗೆ ಐದು ಸುತ್ತು. ಪ್ರತಿ ಸುತ್ತಿಗೆ ಮೊದಲು ಎತ್ತುವ ಕಾಲು ಬದಲಿಸಿ. ಮಳೆ ಶುರುವಾಗುವ ಮೊದಲೇ, ಮೇ ಕೊನೆಯಲ್ಲೇ ವಾರಕ್ಕೆರಡು ದಿನ ಇದನ್ನು ಸೇರಿಸಿಕೊಳ್ಳಿ. ಆಗ ಜೂನ್‌ನಲ್ಲಿ ಹೊಸದಾಗಿ ಶುರು ಮಾಡಿದ ಹಾಗೆ ಆಗುವುದಿಲ್ಲ.

ಮೈಸೂರು: ಮಂಡಿ ಮಡಚಿದಾಗ ಟಕ್ ಟಕ್ ಶಬ್ದ ಬರುತ್ತೆ ಮೇಡಂ. ನಿಲ್ಲಿಸ್ಬೇಕಾ?

ಅರಸೀಕೆರೆ: ಮೇಡಂ, ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ ರೆಡಿ ಆಗ್ತಿದೀನಿ, 1600 ಮೀಟರ್ ಆರೂವರೆ ನಿಮಿಷದಲ್ಲಿ ಓಡ್ಬೇಕು. ಓದೋದಕ್ಕೆ ಅಂತ 4 ತಿಂಗಳು ವ್ಯಾಯಾಮ ಪೂರ್ತಿ ಬಿಟ್ಟಿದ್ದೆ. ಬಿಟ್ಟಿದ್ದಕ್ಕೆ ನನ್ ಮೇಲೇ ಸಿಟ್ಟು ಬಂತು, ಶುಕ್ರವಾರ ಒಂದೇ ಸಲ 300 ಬಸ್ಕಿ ಹೊಡೆದೆ. ಮೊದಲು ಹೊಡೀತಿದ್ದೆ. ಈಗ ತೊಡೆ ಊದಿದೆ, ಕೂತರೆ ಏಳೋಕಾಗಲ್ಲ. ಇವತ್ತು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಇದೆ. ಇನ್ನು 6 ವಾರ ಇದೆ. ನಾಳೆ ಓಡ್ಬಹುದಾ, ಇಲ್ಲ ಎರಡು ದಿನ ಬಿಡ್ಲಾ?

ಮಂಡ್ಯ: ಉಷ್ಣ ಆಗೈತೆ ಕಣಪ್ಪ. ಎರಡು ಎಳನೀರು ಕುಡಿ, ಹೊಕ್ಕಳಿಗೆ ಹರಳೆಣ್ಣೆ ಹಚ್ಚು, ಬೆಳಿಗ್ಗೆ ಸರಿ ಹೋಗುತ್ತೆ.

ಬೆಂಗಳೂರು: ತೊಡೆಗೆ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸ್ಕೊಳ್ಳಿ ಬ್ರದರ್, ನೋವಿಗೆ ಒಂದು ಡೈಕ್ಲೋಫೆನಾಕ್ ತಗೊಳ್ಳಿ.

ಫಿಸಿಯೋ ಮೇಡಂ: ಅರಸೀಕೆರೆಯವರೇ, ಓಡುವ ಮಾತು ಬಿಡಿ. ಈಗಲೇ ಆಸ್ಪತ್ರೆಗೆ ಹೊರಡಿ. ಕ್ಲಿನಿಕ್ ಬೇಡ, ರಕ್ತಪರೀಕ್ಷೆ ಮತ್ತು ಅಡ್ಮಿಷನ್ ಎರಡೂ ಇರುವ ಕಡೆ, ಸರ್ಕಾರಿ ಆಸ್ಪತ್ರೆಯಾದರೂ ಸರಿ. ಗಾಡಿ ನೀವು ಓಡಿಸಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ.

ಎಳನೀರು ಕುಡಿಯಬೇಡಿ. ಮಾತ್ರೆ ನುಂಗಬೇಡಿ. ತೊಡೆ ತಿಕ್ಕಿಸಬೇಡಿ. ಕಾರಣ ಹೇಳುತ್ತೇನೆ, ಉಳಿದವರೂ ಓದಿ.

ಅಳತೆ ಮೀರಿದ ಕೆಲಸಕ್ಕೆ ಸ್ನಾಯುವಿನ ಜೀವಕೋಶಗಳು ಒಡೆದರೆ ಒಳಗಿರುವುದೆಲ್ಲ ರಕ್ತಕ್ಕೆ ಸೇರುತ್ತದೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಮೂತ್ರಕ್ಕೆ ಡಿಕಾಕ್ಷನ್ ಬಣ್ಣ ಕೊಡುವುದು ಸ್ನಾಯುವಿನ ಮಯೊಗ್ಲೋಬಿನ್ ಎಂಬ ಪ್ರೋಟೀನ್, ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಜೊತೆಗೆ ಪೊಟ್ಯಾಸಿಯಂ ಹೊರಬೀಳುತ್ತದೆ, ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಬೇರೆ ದಿನ ಅದು ಒಳ್ಳೆಯದು, ಇವತ್ತು ಅದು ಉರಿಯುವ ಒಲೆಗೆ ಸೌದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ.

ಡಾಕ್ಟರಿಗೆ ಹೀಗೇ ಹೇಳಿ: 'ನಾಲ್ಕು ತಿಂಗಳ ನಂತರ 300 ಬಸ್ಕಿ, ಎರಡು ದಿನಕ್ಕೆ ಮೂತ್ರ ಕಪ್ಪು.' ಬರೀ ಮೂತ್ರ ಕೆಂಪಾಗಿದೆ ಎಂದರೆ ಉರಿಮೂತ್ರ, ಕಲ್ಲು ಎಂದುಕೊಳ್ಳುವ ಸಾಧ್ಯತೆ ಇದೆ. ಮಯೊಗ್ಲೋಬಿನ್ ಇದ್ದರೂ ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ರಕ್ತ ಇದೆ ಎಂದು ಬರುತ್ತದೆ, ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣ ಅಷ್ಟಾಗಿ ಕಾಣುವುದಿಲ್ಲ. ಸಿ.ಕೆ. (ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ), ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಇಸಿಜಿ ಕೇಳಿ. ಸಿ.ಕೆ. ಸಾಮಾನ್ಯವಾಗಿ ಸುಮಾರು 200ರ ಒಳಗಿರುತ್ತದೆ, 1000 ದಾಟಿದರೆ ಇದೇ ಎಂದು ಅನುಮಾನಿಸುತ್ತಾರೆ. ತೊಡೆ ಕಲ್ಲಿನಂತೆ ಬಿಗಿದು ಪಾದ ಜೋಮು ಹಿಡಿದರೆ ಅದನ್ನೂ ತಕ್ಷಣ ಹೇಳಿ.

'ಮೊದಲು ಹೊಡೀತಿದ್ದೆ' ಎಂದಿರಿ. 300 ನೆನಪಿರುವುದು ತಲೆಗೆ, ತೊಡೆಗಲ್ಲ. ನಿತ್ಯ ಮಾಡುವಾಗ ಸ್ನಾಯುವಿಗೆ ಒಂದು ರಕ್ಷೆ ಬೆಳೆದಿರುತ್ತದೆ. ಬಿಟ್ಟು ವಾರಗಳು ಕಳೆದ ಹಾಗೆ ಅದು ಕರಗುತ್ತದೆ. ಬಸ್ಕಿಯಲ್ಲಿ ಕೆಳಗಿಳಿಯುವಾಗ ತೊಡೆ ಉದ್ದವಾಗುತ್ತಲೇ ಭಾರ ಹಿಡಿಯಬೇಕು, ಸ್ನಾಯುವಿನ ಎಳೆ ಹೆಚ್ಚು ಹರಿಯುವುದು ಆಗಲೇ. ತಪ್ಪಿಸಿದ ದಿನಗಳ ಬಾಕಿಯನ್ನು ಒಂದೇ ದಿನ ತೀರಿಸಲು ಹೋಗುವವರನ್ನು ಕಂಡರೆ ನನಗೆ ಸೋಮಾರಿಗಳಿಗಿಂತ ಹೆಚ್ಚು ಭಯ. ಹೊರಟ ಕೂಡಲೇ ಇಲ್ಲಿ ಒಂದು ಮಾತು ಬರೆಯಿರಿ.

ಹುಬ್ಬಳ್ಳಿ: ಮೇಡಮ್ಮಾರ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತಗೋತೀನ್ರಿ. ಈಗ ದಿನಾ ಮುಂಜಾನೆ ಖಾಲಿ ಹೊಟ್ಟೀಲೆ ಒಂದು ತಾಸು ಜೋರಾಗಿ ನಡೀಬೇಕಂತ ಮಾಡೀನ್ರಿ. ನಡ್ಯಾಗ ಬಿಡಬಾರದು ನೋಡ್ರಿ.

ಫಿಸಿಯೋ ಮೇಡಂ: ಆ ಮಾತ್ರೆಗೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಹೊರಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಜೇಬಿನಲ್ಲಿ ಗ್ಲುಕೋಸ್ ಪುಡಿ ಇರಲಿ. ಬೆವರು, ನಡುಕ, ಕಣ್ಣು ಮಂಜಾದರೆ ನಿಂತು 3 ಚಮಚ ತಿನ್ನಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬಿ.ಪಿ.ಗೆ ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಇದ್ದರೆ ನಡುಕ, ಎದೆಬಡಿತ ತಿಳಿಯದೇ ಹೋಗಬಹುದು, ಬೆವರೇ ಮುಖ್ಯ ಸುಳಿವು. ಒಂದು ತಾಸು ಬೇಡ, ಊಟದ ನಂತರ 15 ನಿಮಿಷದಿಂದ ಶುರು ಮಾಡಿ. ಮಾತ್ರೆಯ ಪ್ರಮಾಣ ನಿಮ್ಮ ಡಾಕ್ಟರನ್ನು ಕೇಳಿ.

ಹಾಸನ: ದಿನಾ ಕಸ ಗುಡಿಸಿ, ನೆಲ ಒರೆಸಿ, ಬಟ್ಟೆ ಒಗೆದು, ಮೂರು ಹೊತ್ತು ಅಡುಗೆ ಮಾಡೋರಿಗೆ ಬೇರೆ ವ್ಯಾಯಾಮ ಯಾಕೆ?

ಧಾರವಾಡ: ಎಲ್ಲಾ ನೆಪಾರೀ ಇವು. ಮನಸ್ಸಿದ್ರ ಮಾರ್ಗ ಐತಿ. ಇಪ್ಪತ್ತನಾಲ್ಕು ತಾಸಿನ್ಯಾಗ ಅರ್ಧ ತಾಸು ಸಿಗೂದಿಲ್ಲೇನು?

ಹಾಸನ: ಆ ಅರ್ಧ ಗಂಟೆ ನಿಮ್ಮನೇಲಿ ಕಾಫಿ ಯಾರು ಮಾಡ್ತಾರೆ ಸರ್?

ಧಾರವಾಡ: ಅದೇನು ಸಂಬಂಧ? ವಿಷಯಕ್ಕ ಬರ್ರಿ.

ಶಿವಮೊಗ್ಗ: ಸಂಬಂಧ ಇದೆ. ಬಿಡುವಿರೋರು ಬಿಡುವಿಲ್ಲದೋರಿಗೆ ಮನಸ್ಸಿನ ಪಾಠ ಹೇಳೋದು ಸುಲಭ.

ಧಾರವಾಡ: ಅಕ್ಕಾರ, ನಿಮ್ಮನ್ನ ಯಾರು ಕೇಳಿದ್ರು?

ಮೈಸೂರು: ನನ್ನ ಮಂಡಿ ಪ್ರಶ್ನೆಗೆ ಉತ್ತರ ಬರಲಿಲ್ಲ.

ಫಿಸಿಯೋ ಮೇಡಂ: ಹಾಸನದವರೇ, ಮನೆಗೆಲಸ ಲೆಕ್ಕಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಎನ್ನುತ್ತದೆ, ಅದರಲ್ಲಿ ಉಸಿರು ಏರುವಷ್ಟು ಮನೆಗೆಲಸವೂ ಸೇರುತ್ತದೆ. ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕೆಂಬ ನಿಯಮವನ್ನೂ 2020ರಲ್ಲಿ ತೆಗೆದರು. ಆದರೆ ನೆಲ ಒರೆಸುವ ಭಾರ ಹತ್ತು ವರ್ಷವಾದರೂ ಅಷ್ಟೇ. ಬಲ ಬೆಳೆಯಬೇಕಾದರೆ ಭಾರ ಏರಬೇಕು. ವಾರಕ್ಕೆ ಎರಡು ದಿನ, ಕುಕ್ಕರ್ ಕೂಗುವವರೆಗೆ ಅಡುಗೆ ಕಟ್ಟೆಗೆ ಕೈಯೂರಿ ತಳ್ಳುವುದು 10, ಕುರ್ಚಿಯಿಂದ ಏಳುವುದು 10, ಹಿಮ್ಮಡಿ ಎತ್ತಿ ಇಳಿಸುವುದು 15, ಹೀಗೆ ಎರಡು ಸುತ್ತು. ಎರಡು ವಾರದ ಮೇಲೆ ಎದೆಗೆ 2 ಕೆಜಿ ಅಕ್ಕಿ ಚೀಲ ಹಿಡಿದು ಏಳಿ.

ಧಾರವಾಡದವರೇ, ಮನಸ್ಸಿನ ಮಾತು ಇಲ್ಲಿ ಇನ್ನು ಸಾಕು.

ಕಲಬುರಗಿ: 21 ದಿನದ ಚಾಲೆಂಜ್ ಬಗ್ಗೆ ಹೇಳಿ ಮೇಡಂ.

ಫಿಸಿಯೋ ಮೇಡಂ: ಮೇಲಿದೆ.

ಮಂಡ್ಯ: ನಮ್ ತಾತನ ಕಾಲದಲ್ಲಿ ಗರಡಿ ಮನೇಲಿ 500 ಬಸ್ಕಿ ಹೊಡೀತಿದ್ರು, ಎಳನೀರು ಕುಡೀತಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಈಗಿನ ಡಾಕ್ಟರ್‌ಗಳು ಸುಮ್ನೆ ಹೆದರಿಸ್ತಾರೆ.

ಫಿಸಿಯೋ ಮೇಡಂ: ಗರಡಿಯಲ್ಲಿ ಮೊದಲ ದಿನವೇ 500 ಹೊಡೆಸುತ್ತಿರಲಿಲ್ಲ. ಉಸ್ತಾದರು ಮುಂದೆ ನಿಂತು ಎಣಿಸಿ, ದಿನದಿಂದ ದಿನಕ್ಕೆ ಏರಿಸುತ್ತಿದ್ದರು. ನಿಮ್ಮ ಮಾತು ಕೇಳಿ ಆ ಹುಡುಗ ಮನೆಯಲ್ಲೇ ಉಳಿದರೆ ನಾಳೆ ಡಯಾಲಿಸಿಸ್‌ವರೆಗೂ ಹೋಗಬಹುದು. ಅಡ್ಮಿನ್, ಆ ಎಳನೀರು, ಹರಳೆಣ್ಣೆ ಮೆಸೇಜ್ ತೆಗೆಯಿರಿ. ಎಣ್ಣೆ ತಿಕ್ಕುವ, ಮಾತ್ರೆಯ ಮೆಸೇಜನ್ನೂ.

ಅಡ್ಮಿನ್: ತೆಗೆದಿದ್ದೇನೆ.

ಮಂಡ್ಯ: ಒಳ್ಳೇದು ಹೇಳಿದ್ರೂ ತಪ್ಪು. ಆಯ್ತು ಬಿಡಿ.

ಬೆಂಗಳೂರು: ಹೋಗ್ಲಿ, ಬಿಟ್ಟ ಮೇಲೆ ಎಷ್ಟರಿಂದ ಶುರು ಮಾಡ್ಬೇಕು, ಅದನ್ನಾದ್ರೂ ಹೇಳಿ.

ಫಿಸಿಯೋ ಮೇಡಂ: ನಾನು ಕೊಡುವ ಲೆಕ್ಕ: ಒಂದು ವಾರ ಬಿಟ್ಟಿದ್ದರೆ ಬಿಟ್ಟಲ್ಲಿಂದಲೇ, ಮೊದಲ ದಿನ ಸ್ವಲ್ಪ ಕಡಿಮೆ. ಎರಡರಿಂದ ನಾಲ್ಕು ವಾರ ಆಗಿದ್ದರೆ ಅರ್ಧ. ಎರಡು ತಿಂಗಳು ದಾಟಿದ್ದರೆ ಹೊಸಬರ ಹಾಗೆ: ಬಸ್ಕಿ 10ರಂತೆ ಎರಡು ಸಲ, ದಿನ ಬಿಟ್ಟು ದಿನ. ನೋವು ಜಾಸ್ತಿಯಾಗುವುದು 24ರಿಂದ 72 ಗಂಟೆಯೊಳಗೆ, ಹಾಗಾಗಿ ಅದೇ ಸಂಜೆ ಹಗುರ ಅನ್ನಿಸಿತೆಂದು ಏರಿಸಬೇಡಿ. ಮೆಟ್ಟಿಲು ಇಳಿಯಲು ಕಷ್ಟವಾಗುತ್ತಿದ್ದರೆ ಮುಂದಿನ ಸಲವೂ ಅಷ್ಟೇ ಸಂಖ್ಯೆ. ಸಲೀಸಾಗಿದ್ದರೆ ಒಟ್ಟು ಸಂಖ್ಯೆಗೆ 5 ಸೇರಿಸಿ.

ಕೊಪ್ಪಳ: ಪ್ರೋಟೀನ್ ಪೌಡರ್ ಯಾವುದು ಒಳ್ಳೆಯದು?

ದಾವಣಗೆರೆ: ಮೇಡಂ, 18ನೇ ದಿನ ಮುಗೀತು, 8 ನಿಮಿಷದ್ದು ಮಾಡ್ದೆ.

ಅಡ್ಮಿನ್: 6 ಗಂಟೆ ಆಯಿತು. ಅರಸೀಕೆರೆಯವರಿಂದ ಇನ್ನೂ ಸುದ್ದಿ ಇಲ್ಲ.

ಫಿಸಿಯೋ ಮೇಡಂ: ಅವರ ನಂಬರಿಗೆ ಫೋನ್ ಮಾಡಿ. ಎತ್ತುವವರೆಗೆ ಮಾಡಿ.

ಅರಸೀಕೆರೆ (ರಾತ್ರಿ 9:10): ನಾನು ಅವನ ಅಣ್ಣ. ಜಿಲ್ಲಾ ಆಸ್ಪತ್ರೆಲಿದೀವಿ. ಸಿ.ಕೆ. 41,000 ಬಂದಿದೆ, ಅಡ್ಮಿಟ್ ಮಾಡ್ಕೊಂಡು ಸಲೈನ್ ಹಾಕಿದಾರೆ. ಪೊಟ್ಯಾಸಿಯಂ ಸರಿ ಇದೆ ಅಂದ್ರು. ಫಿಸಿಕಲ್ ಹೋಯ್ತು ಅಂತ ಅಳ್ತಿದಾನೆ. ಯಾವಾಗ ಓಡ್ಬಹುದು ಅಂತ ಕೇಳು ಅಂತಿದಾನೆ.

ಫಿಸಿಯೋ ಮೇಡಂ: ಕರೆದುಕೊಂಡು ಹೋಗಿದ್ದು ಬಹಳ ಒಳ್ಳೆಯದಾಯಿತು. ಓಡುವ ದಿನ ಈಗ ಹೇಳಲಾಗದು. ಸಿ.ಕೆ. 1000ಕ್ಕಿಂತ ಕೆಳಗಿಳಿದು, ಮೂತ್ರ ತಿಳಿಯಾಗಿ, ಡಾಕ್ಟರ್ ಒಪ್ಪುವವರೆಗೆ ವ್ಯಾಯಾಮವೇ ಇಲ್ಲ, ಹಾಸಿಗೆ ಮೇಲಿನ ದಂಡವೂ ಇಲ್ಲ. ಆಮೇಲೆ ಒಂದು ವಾರ ಸಮತಟ್ಟು ನೆಲದ ಮೇಲೆ ನಿಧಾನ ನಡಿಗೆ, ಅದಾದ ಮೇಲೆ ಬಸ್ಕಿ 5ರಿಂದ. ಈ ಸಲದ ಫಿಸಿಕಲ್ ಕೈತಪ್ಪಬಹುದು, ಅವನಿಗೆ ಸುಳ್ಳು ಹೇಳಬೇಡಿ. ಮೂತ್ರ ಎಷ್ಟು ಹೋಗುತ್ತಿದೆ ಎಂದು ಬಾಟಲಿಯಲ್ಲಿ ಅಳೆದು ಬರೆದಿಡಿ, ಕಡಿಮೆಯಾದರೆ ನರ್ಸ್‌ಗೆ ಆಗಲೇ ತಿಳಿಸಿ. ಬೆಳಿಗ್ಗೆ ಕ್ರಿಯಾಟಿನಿನ್ ರಿಪೋರ್ಟ್ ಬಂದ ಕೂಡಲೇ ನನಗೆ ನೇರವಾಗಿ ಕಳಿಸಿ.