ಲ್ಯಾಬ್ ಇರುವ ಶಾಲೆ, ಇಲ್ಲದ ಶಾಲೆ ಹೋಲಿಸಿದರೆ ಕಂಪ್ಯೂಟರಿನ ಪರಿಣಾಮ ಗೊತ್ತಾಗುತ್ತದೆಯೇ?

ಹೊಸಪುಟ:

ಎಲ್ಲರಿಗೂ ನಮಸ್ಕಾರ. ಎಂ.ಎಡ್. ಪ್ರಬಂಧಕ್ಕೆ "ಗಣಿತ ಕಲಿಕೆಯ ಮೇಲೆ ಕಂಪ್ಯೂಟರ್ ತಂತ್ರಜ್ಞಾನದ ಪರಿಣಾಮ" ಎಂಬ ವಿಷಯ ಒಪ್ಪಿಗೆಯಾಗಿದೆ. ಒಂದೇ ತಾಲ್ಲೂಕಿನ 6 ಸರ್ಕಾರಿ ಪ್ರೌಢಶಾಲೆ, 8ನೇ ತರಗತಿ, ಕನ್ನಡ ಮಾಧ್ಯಮ. ಮೂರು ಶಾಲೆಗಳಲ್ಲಿ ಲ್ಯಾಬ್ ನಡೆಯುತ್ತಿದೆ, ತಲಾ 10 ಯಂತ್ರ, ಎಲ್ಲದರಲ್ಲೂ ಉಬುಂಟು. ಉಳಿದ ಮೂರರಲ್ಲಿ ಲ್ಯಾಬ್ ಇಲ್ಲ, ಅಥವಾ ಬ್ಯಾಟರಿ ಹೋಗಿ ಬಾಗಿಲು ಹಾಕಿದೆ. ಶಾಲೆಗೆ 40ರಂತೆ 240 ಮಕ್ಕಳು. ಲ್ಯಾಬ್ ಶಾಲೆಗಳಲ್ಲಿ ನಾಲ್ಕು ವಾರ ಜಿಯೋಜೀಬ್ರಾ (ಪರದೆಯ ಮೇಲೆ ರೇಖಾಗಣಿತದ ಆಕೃತಿ ಬಿಡಿಸಿ ಎಳೆದಾಡುವ ತಂತ್ರಾಂಶ) ಬಳಸಿ ಪಾಠ, ಆಮೇಲೆ 30 ಹೇಳಿಕೆಗಳ ಪ್ರಶ್ನಾವಳಿ (ಪೂರ್ತಿ ಒಪ್ಪುತ್ತೇನೆ, ಒಪ್ಪುವುದಿಲ್ಲ ಮಾದರಿಯದು), ಜೊತೆಗೆ ಸಂಕಲನಾತ್ಮಕ ಪರೀಕ್ಷೆಯ ಅಂಕ. ಎರಡು ಗುಂಪಿಗೂ ಟಿ-ಪರೀಕ್ಷೆ (ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಮಾಡಿ ಮುಗಿಸೋಣ ಎಂದುಕೊಂಡಿದ್ದೇನೆ. ಇಷ್ಟು ಸಾಕೇ? ಎಲ್ಲಿ ಎಡವುತ್ತೇನೆ ಎಂದು ಮೊದಲೇ ಹೇಳಿದರೆ ಉಪಕಾರ.

ಕರಿಹಲಗೆ:

"ಕಂಪ್ಯೂಟರ್ ತಂತ್ರಜ್ಞಾನ" ಎಂಬುದು ಒಂದೇ ವಸ್ತುವಲ್ಲ, ಮೊದಲು ಅದನ್ನು ಬಿಡಿಸಿಕೊಳ್ಳಿ. 1980ರಲ್ಲಿ ರಾಬರ್ಟ್ ಟೇಲರ್ ಮಾಡಿದ ವಿಂಗಡಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್ ಮೇಷ್ಟ್ರಾಗಬಹುದು, ಅಂದರೆ ಲೆಕ್ಕ ಕೊಟ್ಟು ತಿದ್ದುವ ತಂತ್ರಾಂಶ. ಸಲಕರಣೆಯಾಗಬಹುದು, ಜಿಯೋಜೀಬ್ರಾ ಇದ್ದಹಾಗೆ. ಶಿಷ್ಯನೂ ಆಗಬಹುದು: ಲೋಗೋ, ಸ್ಕ್ರ್ಯಾಚ್‌ನಂಥ ಮಕ್ಕಳ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮಗುವೇ ಯಂತ್ರಕ್ಕೆ ಹೇಳಿಕೊಡಬೇಕು. ನಮ್ಮ ಶಾಲೆಗಳಲ್ಲಿ ಹೆಚ್ಚು ಕಾಣುವುದು ಇವು ಮೂರೂ ಅಲ್ಲ, ಕಂಪ್ಯೂಟರೇ ಪಾಠವಾಗಿರುವುದು. 1984ರಲ್ಲಿ ಕೇಂದ್ರದ 'ಕ್ಲಾಸ್' ಯೋಜನೆಯಡಿ ಬಿಬಿಸಿ ಮೈಕ್ರೋ ಯಂತ್ರಗಳು ಶಾಲೆಗೆ ಬಂದದ್ದು ಮಕ್ಕಳಿಗೆ ಕಂಪ್ಯೂಟರ್ ಪರಿಚಯವಾಗಲಿ ಎಂದು, ಗಣಿತದ ಅಂಕ ಏರಲಿ ಎಂದಲ್ಲ. ಪೇಂಟ್‌ನಲ್ಲಿ ಮನೆ, ತೆಂಗಿನಮರ ಬಿಡಿಸಿ ಬಂದ ಮಗುವಿನ ಗಣಿತದ ಅಂಕ ನೋಡಿ ಲ್ಯಾಬ್ ದಂಡ ಅನ್ನುವುದು ನ್ಯಾಯವಲ್ಲ.

ಈ ಉದ್ದೇಶದ ಗೊಂದಲ ದೊಡ್ಡ ಅಧ್ಯಯನಗಳಲ್ಲೂ ಇದೆ. ಕೊಲಂಬಿಯಾದಲ್ಲಿ 97 ಶಾಲೆಗಳ ಮೇಲೆ ಬಾರೆರಾ-ಒಸೋರಿಯೊ ಮತ್ತು ಲೀ ಲಿಂಡೆನ್ ಮಾಡಿದ ಅಧ್ಯಯನದಲ್ಲಿ ಅಂಕಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಯಂತ್ರ ಕೊಟ್ಟದ್ದು ಭಾಷಾ ಪಾಠಕ್ಕೆ, ಶಾಲೆಗಳು ಬಳಸಿದ್ದು ಕಂಪ್ಯೂಟರ್ ಕಲಿಸುವುದಕ್ಕೆ. ಪೆರುವಿನಲ್ಲಿ 319 ಗ್ರಾಮೀಣ ಶಾಲೆಗಳ ಅಧ್ಯಯನದಲ್ಲಿ ಮಗುವಿಗೆ 0.12 ಇದ್ದ ಯಂತ್ರದ ಪ್ರಮಾಣ 1.18ಕ್ಕೆ ಏರಿತು. 15 ತಿಂಗಳ ಮೇಲೆ ನೋಡಿದರೆ ಗಣಿತ, ಭಾಷೆ ಎರಡೂ ಇದ್ದಲ್ಲೇ ಇದ್ದವು.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಲ್ಯಾಬಿಗೆ ಹೋದ ಆ ಪಿರಿಯಡ್ ಯಾವುದರದ್ದು? ಗುಜರಾತಿನಲ್ಲಿ 2 ಮತ್ತು 3ನೇ ತರಗತಿ ಮಕ್ಕಳ ಮೇಲೆ ಇದೇ ಲಿಂಡೆನ್ ಮಾಡಿದ ಪ್ರಯೋಗದಲ್ಲಿ ತಂತ್ರಾಂಶ ಒಂದೇ. ಶಾಲೆಯ ಪಾಠದ ಬದಲಿಗೆ ಬಳಸಿದಾಗ ಮಕ್ಕಳು 0.57 ಮಾನಕ ವಿಚಲನೆಯಷ್ಟು (ಅಂಕಗಳ ಹರಡಿಕೆಯನ್ನು ಅಳೆಯುವ ಮಾನ) ಹಿಂದೆ ಬಿದ್ದರು. ಶಾಲೆ ಬಿಟ್ಟ ಮೇಲೆ ಹೆಚ್ಚುವರಿಯಾಗಿ ಬಳಸಿದಾಗ 0.28ರಷ್ಟು ಮುಂದೆ ಬಂದರು. ನಿಮ್ಮ ಪ್ರಬಂಧದಲ್ಲಿ "ಬದಲಿಗೋ, ಹೆಚ್ಚುವರಿಯೋ" ಎಂಬುದಕ್ಕೆ ಒಂದು ಪುಟ ಮೀಸಲಿಡಿ. ಲ್ಯಾಬಿಗೆ ಹೋದ 40 ನಿಮಿಷ ಗಣಿತದ್ದೇ, ದೈಹಿಕ ಶಿಕ್ಷಣದ್ದೇ ಎಂದು ವೇಳಾಪಟ್ಟಿಯ ಪ್ರತಿ ತೆಗೆದು ತೋರಿಸಿ.

ಅಂಕಿಅಂಶ_ಕಟ್ಟೆ:

ಹೋಲಿಕೆಯ ಲೆಕ್ಕಕ್ಕೆ ಬರುತ್ತೇನೆ. 240 ಎಂಬ ಸಂಖ್ಯೆ ನಿಮಗೆ ಧೈರ್ಯ ಕೊಟ್ಟಿರಬೇಕು. ಅದು ಸುಳ್ಳು ಧೈರ್ಯ.

ಒಂದೇ ಶಾಲೆಯ ಮಕ್ಕಳಿಗೆ ಅದೇ ಮೇಷ್ಟ್ರು, ಅದೇ ಊರು. ಅಂಕಗಳ ಒಟ್ಟು ವ್ಯತ್ಯಾಸದಲ್ಲಿ ಶೇ. 20 ಶಾಲೆಯಿಂದ ಶಾಲೆಗೆ ಇರುವ ವ್ಯತ್ಯಾಸ ಎಂದು ಹಿಡಿಯಿರಿ (0.2). ಶಾಲೆಗೆ 40 ಮಕ್ಕಳಾದರೆ ಹಿಗ್ಗುವಿಕೆ (ಮಕ್ಕಳು ಶಾಲೆವಾರು ಗುಂಪಾಗಿರುವುದರಿಂದ ಎಷ್ಟು ಪಟ್ಟು ಹೆಚ್ಚು ಮಕ್ಕಳು ಬೇಕು ಎಂಬ ಲೆಕ್ಕ) 1 + 39 × 0.2 = 8.8. ನಿಮ್ಮ 240ನ್ನು 8.8ರಿಂದ ಭಾಗಿಸಿ: 27. ಅಂದರೆ ಎಲ್ಲೆಲ್ಲಿಂದಲೋ ಆಯ್ದ 27 ಮಕ್ಕಳನ್ನು ಪರೀಕ್ಷಿಸಿದಷ್ಟೇ ಮಾಹಿತಿ. ಸಾದಾ ಟಿ-ಪರೀಕ್ಷೆಗೆ ಇದು ಗೊತ್ತಾಗುವುದಿಲ್ಲ. ಅದು 240 ಎಂದೇ ನಂಬಿ, ಇಲ್ಲದ ಪರಿಣಾಮಕ್ಕೂ "ಅರ್ಥಪೂರ್ಣ ವ್ಯತ್ಯಾಸವಿದೆ" ಎಂದು ಮುದ್ರೆ ಒತ್ತುತ್ತದೆ.

0.3 ಮಾನಕ ವಿಚಲನೆಯ ಪರಿಣಾಮ ಹಿಡಿಯಬೇಕಾದರೆ (ಶೇ. 5 ಮಟ್ಟ, ಅಂದರೆ ಇಲ್ಲದ ಪರಿಣಾಮವನ್ನು ಇದೆ ಎನ್ನುವ ಸಾಧ್ಯತೆ; ಶೇ. 80 ಸಾಮರ್ಥ್ಯ, ಅಂದರೆ ಇರುವ ಪರಿಣಾಮವನ್ನು ಹಿಡಿಯುವ ಸಾಧ್ಯತೆ) ಗುಂಪಿಗೆ 174 ಮಕ್ಕಳು ಬೇಕು. ಶಾಲೆಗೆ 20ರಂತೆ ತೆಗೆದರೆ ಹಿಗ್ಗುವಿಕೆ 4.8, ಅಂದರೆ ಗುಂಪಿಗೆ 42 ಶಾಲೆ. ಶಾಲೆಗೆ 40 ತೆಗೆದರೆ 39 ಶಾಲೆ. ಮಕ್ಕಳನ್ನು ಇಮ್ಮಡಿ ಮಾಡಿದ್ದಕ್ಕೆ ಉಳಿದದ್ದು ಮೂರೇ ಶಾಲೆ! ಎಂ.ಎಡ್.ಗೆ ಇದು ಆಗದ ಮಾತು.

ಆಗುವ ದಾರಿ ಹೀಗಿದೆ. ಲ್ಯಾಬ್ ಇಲ್ಲದ ಶಾಲೆಗಳನ್ನು ಕೈಬಿಡಿ. ಹೇಗೂ ಅವು ಬೇರೆ ಕಾರಣಗಳಿಗೂ ಹಿಂದಿರಬಹುದು: ಬ್ಯಾಟರಿ ಬದಲಿಸದ ಶಾಲೆಯಲ್ಲಿ ಗಣಿತದ ಹುದ್ದೆಯೂ ಖಾಲಿ ಇದ್ದೀತು. ಲ್ಯಾಬ್ ಇರುವ ಶಾಲೆಯೊಳಗೇ ಮಕ್ಕಳನ್ನು ಹಂಚಿ. ಪೂರ್ವ ಪರೀಕ್ಷೆಯ (ಪಾಠಕ್ಕೆ ಮೊದಲಿನ ಪರೀಕ್ಷೆಯ) ಅಂಕದ ಇಳಿಕೆ ಕ್ರಮದಲ್ಲಿ ಹೆಸರು ಬರೆದು, ಮೇಲಿನಿಂದ ಎರಡೆರಡು ಮಕ್ಕಳ ಜೋಡಿ ಮಾಡಿ, ಪ್ರತಿ ಜೋಡಿಗೆ ಚೀಟಿ ಎತ್ತಿ. ಒಬ್ಬರು ಲ್ಯಾಬಿಗೆ, ಇನ್ನೊಬ್ಬರು ತರಗತಿಗೆ. ತರಗತಿಯವರಿಗೂ ಅದೇ ಹೊತ್ತು, ಅದೇ ಪಾಠ, ಕಾಗದ-ಕೈವಾರದಲ್ಲಿ. ಉತ್ತರ ಪರೀಕ್ಷೆ ಮುಗಿದ ಮೇಲೆ ಅವರಿಗೂ ಲ್ಯಾಬ್ ಕೊಡಿ, ಯಾರಿಗೂ ಅನ್ಯಾಯವಾಗುವುದಿಲ್ಲ. ಮೂರು ಶಾಲೆ, 120 ಮಕ್ಕಳು, 60-60. ಪೂರ್ವ ಮತ್ತು ಉತ್ತರ ಪರೀಕ್ಷೆಗಳ ಸಹಸಂಬಂಧ 0.7 ಇದ್ದರೆ, ಆನ್‌ಕೋವಾದಲ್ಲಿ (ಪೂರ್ವ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ಹಿಡಿದು ಗುಂಪುಗಳನ್ನು ಹೋಲಿಸುವ ವಿಧಾನ) 0.36ರಷ್ಟು ಪರಿಣಾಮ ಕಾಣಿಸುತ್ತದೆ. ಲ್ಯಾಬ್ ಇರುವ ಇನ್ನೂ ಮೂರು ಶಾಲೆ ಸಿಕ್ಕಿ 240 ಆದರೆ 0.26ನ್ನೂ ಹಿಡಿಯಬಹುದು. ವಿಶ್ಲೇಷಣೆಯಲ್ಲಿ ಶಾಲೆಯನ್ನೂ ಒಂದು ಚರವಾಗಿ ಸೇರಿಸುವುದು ಮರೆಯಬೇಡಿ.

ನಾಲ್ಕು ವಾರ ಸಾಲದು. 1983ರಲ್ಲಿ ಜೇಮ್ಸ್ ಕುಲಿಕ್ ಮತ್ತು ಜೊತೆಯವರು ಪ್ರೌಢ ಹಂತದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ನಾಲ್ಕು ವಾರದೊಳಗೆ ಮುಗಿದವುಗಳಲ್ಲಿ ಸರಾಸರಿ ಪರಿಣಾಮ 0.56, ಎಂಟು ವಾರ ದಾಟಿದವುಗಳಲ್ಲಿ 0.20. ಹೊಸತರಲ್ಲಿ ಎಲ್ಲವೂ ಚೆನ್ನ. 12 ವಾರವಾದರೂ ಇರಲಿ.

ಲ್ಯಾಬ್_ಬೀಗದಕೈ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಮಗು ನಿಜಕ್ಕೂ ಎಷ್ಟು ಹೊತ್ತು ಯಂತ್ರ ಮುಟ್ಟಿತು ಎಂದು ಅಳೆಯದಿದ್ದರೆ ಈ ಚೀಟಿ, ಆನ್‌ಕೋವಾ ಎಲ್ಲ ನೀರಲ್ಲಿ ಹೋಮ.

40 ನಿಮಿಷದ ಪಿರಿಯಡ್ ತೆಗೆದುಕೊಳ್ಳಿ. ಸಾಲಾಗಿ ಬಂದು ಚಪ್ಪಲಿ ಬಿಟ್ಟು ಕೂರಲು 5 ನಿಮಿಷ. ಯುಪಿಎಸ್ ಹಾಕಿ, ಹಳೆಯ ಯಂತ್ರ ಏಳಲು 4. ಜಿಯೋಜೀಬ್ರಾ ತೆರೆದು ಕಡತ ಹುಡುಕಲು 3. ಕೊನೆಗೆ ಮುಚ್ಚಿ ಏಳಲು 4. ಉಳಿದದ್ದು 24. 10 ಯಂತ್ರಕ್ಕೆ 20 ಮಕ್ಕಳಾದರೆ ಇಬ್ಬರಿಗೆ ಒಂದು: ತಲೆಗೆ 12 ನಿಮಿಷ. ಎರಡು ಯಂತ್ರ ಕೆಟ್ಟರೆ ಅದೂ 10ಕ್ಕಿಂತ ಕಡಿಮೆ. ಮೌಸ್ ಹಿಡಿದ ಮಗು ಬಿಡುವುದಿಲ್ಲವಾದ್ದರಿಂದ ಈ ಸರಾಸರಿಯೂ ಮೋಸವೇ. 12ನೇ ನಿಮಿಷಕ್ಕೆ ಗಂಟೆ ಬಾರಿಸಿ ಕೈ ಬದಲಿಸುವ ನಿಯಮ ಮಾಡಿ.

ದಾಖಲೆಗೆ ಎರಡು ದಾರಿ, ಎರಡನ್ನೂ ಇಡಿ. ಒಂದು, ಪ್ರತಿ ಯಂತ್ರದ ಪಕ್ಕ ದಾರ ಕಟ್ಟಿದ ಪುಸ್ತಕ: ದಿನಾಂಕ, ಕೂತವರ ಸಂಕೇತ ಸಂಖ್ಯೆ, ಶುರು, ಕೊನೆ. ಇನ್ನೊಂದು ಯಂತ್ರದ್ದೇ ಲೆಕ್ಕ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು 'ಲಾಸ್ಟ್' (last) ಎಂಬ ಆದೇಶ ಕೊಟ್ಟರೆ ಯಾವಾಗ ಲಾಗಿನ್ ಆಯಿತು, ಯಾವಾಗ ಮುಚ್ಚಿತು ಎಂಬ ಪಟ್ಟಿ ಬರುತ್ತದೆ. ಇಲ್ಲಿ ಮೂರು ಬಲೆಗಳಿವೆ. ಎಲ್ಲರೂ ಒಂದೇ ಖಾತೆಯಲ್ಲಿ ಕೂರುವುದರಿಂದ ಯಾರು ಎಂದು ತಿಳಿಯದು, ಅದಕ್ಕೇ ಪುಸ್ತಕ. ಆ ದಾಖಲೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಮಗುಚಿಕೊಂಡು ಒಂದೇ ಹಳೆಯ ಪ್ರತಿ ಉಳಿಸುತ್ತದೆ, ಆದ್ದರಿಂದ ಪ್ರತಿ ತಿಂಗಳು ಪೆನ್‌ಡ್ರೈವಿಗೆ ತೆಗೆದಿಡಿ. ಮೂರನೆಯದು ಗಡಿಯಾರ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಯಾವುದೋ ಹಳೆಯ ಇಸವಿಗೆ ಹೋಗಿ ಕೂರುತ್ತದೆ. ಮೊದಲ ದಿನವೇ ಎಲ್ಲ ಯಂತ್ರಗಳ ದಿನಾಂಕ ನೋಡಿ, ಸೆಲ್ ಬದಲಿಸಿ.

ಹೆಸರಿನ ಬದಲು ಸ್ಯಾಟ್ಸ್ ಸಂಖ್ಯೆಯಿಂದ (ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಕಡತಗಳನ್ನು ಜೋಡಿಸಿ. ಒಂದು ಶಾಲೆ ಪಟ್ಟಿಯನ್ನು ಯೂನಿಕೋಡಿನಲ್ಲಿ, ಇನ್ನೊಂದು ಹಳೆಯ ನುಡಿ ಫಾಂಟಿನಲ್ಲಿ ಕೊಟ್ಟರೆ "ಮಂಜುನಾಥ" ಒಂದು ಕಡೆ ಕನ್ನಡ, ಇನ್ನೊಂದು ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಜೋಡಣೆ ಮುಗಿದ ಮೇಲೆ ಸ್ಯಾಟ್ಸ್ ಸಂಖ್ಯೆ ಅಳಿಸಿ ನಿಮ್ಮದೇ ಸಂಕೇತ ಕೊಡಿ. ಎರಡರ ನಂಟಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ.

ಹಿಂದಿನ_ಬೆಂಚು:

ಸ್ವಲ್ಪ ಭಿನ್ನಮತ. ಆರು ಶಾಲೆಯ ಪ್ರಬಂಧದಿಂದ ಸರಾಸರಿ ಪರಿಣಾಮ ತೆಗೆಯುವುದೇ ಗುರಿಯಾಗಬೇಕೇ? ಸರಾಸರಿಗಳು ಸಾಕಷ್ಟಿವೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ಕಲಿಕೆಯ ತಂತ್ರಾಂಶದ ಅಧ್ಯಯನ (ಮುರಳೀಧರನ್, ಸಿಂಗ್, ಗನಿಮಿಯನ್, 2019) 619 ಮಕ್ಕಳ ಮೇಲೆ ನಡೆದು, ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಏರಿಕೆ ತೋರಿಸಿತು. ಸುದ್ದಿಯಾದದ್ದು ಈ ಅಂಕಿ. ಆದರೆ ಅದರ ತಿರುಳು ಬೇರೆ: 6ನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು, ತಂತ್ರಾಂಶ ಆ ಮಗು ನಿಂತಲ್ಲಿಂದಲೇ ಲೆಕ್ಕ ಶುರು ಮಾಡಿತು. ಜೊತೆಗೆ 90 ನಿಮಿಷದಲ್ಲಿ ಅರ್ಧ ಯಂತ್ರ, ಇನ್ನರ್ಧ 12-15 ಮಕ್ಕಳ ಗುಂಪಿಗೆ ಮನುಷ್ಯರ ಪಾಠ. ಯಾವುದರಿಂದ ಎಷ್ಟು ಬಂತು ಎಂದು ಬಿಡಿಸುವುದು ಸುಲಭವಲ್ಲ. ರಿಚರ್ಡ್ ಕ್ಲಾರ್ಕ್ 1983ರಲ್ಲೇ ಕೆಣಕಿದ್ದು ಇದನ್ನೇ: ದಿನಸಿ ತಂದ ಲಾರಿಯಿಂದ ಪೌಷ್ಟಿಕತೆ ಹೆಚ್ಚುವುದಿಲ್ಲ, ಪಾಠ ತಲುಪಿಸುವ ಮಾಧ್ಯಮವೂ ಹಾಗೆಯೇ. ರಾಬರ್ಟ್ ಕೋಜ್ಮಾ ಇದನ್ನು ಒಪ್ಪಲಿಲ್ಲ. ಕೆಲವು ಮಾಧ್ಯಮ ಮಾಡಿಸುವ ಯೋಚನೆಯನ್ನು ಬೇರೆಯವು ಮಾಡಿಸಲಾರವು ಎಂಬುದು ಅವರ ವಾದ.

ಜಿಯೋಜೀಬ್ರಾದಲ್ಲಿ ಈ ಜಗಳವನ್ನು ಕಣ್ಣಾರೆ ನೋಡಬಹುದು. ಚೌಕವನ್ನು 45 ಡಿಗ್ರಿ ತಿರುಗಿಸಿ ಕಾಗದದಲ್ಲಿ ಕೊಡಿ, ಎಷ್ಟೋ ಮಕ್ಕಳು "ಇದು ಚೌಕ ಅಲ್ಲ, ಡೈಮಂಡ್" ಅನ್ನುತ್ತಾರೆ. ಪರದೆಯ ಮೇಲೆ ಶೃಂಗ ಹಿಡಿದು ತಾವೇ ತಿರುಗಿಸಿದವರು, ಬಾಹು ಮತ್ತು ಕೋನದ ಅಳತೆ ಕದಲದೆ ನಿಂತದ್ದನ್ನು ನೋಡಿದವರು, ಮಾರನೆಯ ವಾರ ಕಾಗದದ ಮೇಲೆ ಏನನ್ನುತ್ತಾರೆ? ಇಂಥ 8-10 ಪ್ರಶ್ನೆ ಮಾಡಿ, ಉತ್ತರದ ಕೆಳಗೆ "ಯಾಕೆ?" ಎಂದು ಎರಡು ಗೆರೆ ಜಾಗ ಬಿಡಿ. ನಿಮ್ಮ ಪ್ರಬಂಧದ ಬೆಲೆ ಆ ಎರಡು ಗೆರೆಗಳಲ್ಲಿದೆ. ಪರೀಕ್ಷೆ ಕಾಗದದಲ್ಲೇ ಇರಲಿ, ಇಲ್ಲದಿದ್ದರೆ ಮೌಸ್ ಅಭ್ಯಾಸವನ್ನೇ ಅಳೆದಂತಾಗುತ್ತದೆ.

30 ಹೇಳಿಕೆಗಳ ಪ್ರಶ್ನಾವಳಿ ಬಿಡಿ. "ಕಂಪ್ಯೂಟರಿನಿಂದ ಗಣಿತ ಸುಲಭವಾಗುತ್ತದೆ" ಎಂದು ಮೇಷ್ಟ್ರ ಎದುರು ಕೇಳಿದರೆ ಯಾವ ಮಗು ಇಲ್ಲ ಅನ್ನುತ್ತದೆ? ಅದರ ಬದಲು ತರಗತಿ ಗಮನಿಸಿ. ಸ್ಟಾಲಿಂಗ್ಸ್ ವಿಧಾನದಂತೆ ಪಿರಿಯಡಿಗೆ 10 ಬಾರಿ, ಅಂದರೆ ನಾಲ್ಕು ನಿಮಿಷಕ್ಕೊಮ್ಮೆ ಕಣ್ಣಾಡಿಸಿ: ಶಿಕ್ಷಕರು ಏನು ಮಾಡುತ್ತಿದ್ದಾರೆ, ಎಷ್ಟು ಮಕ್ಕಳು ಕೆಲಸದಲ್ಲಿದ್ದಾರೆ, ಮೌಸ್ ಹುಡುಗನ ಕೈಲೋ ಹುಡುಗಿಯ ಕೈಲೋ.

ಹೊಸಪುಟ:

ಎಲ್ಲರಿಗೂ ವಂದನೆ. ಯೋಜನೆ ಬದಲಿಸಿದ್ದೇನೆ: ಲ್ಯಾಬ್ ಇರುವ ಶಾಲೆಗಳು ಮಾತ್ರ, ಒಳಗೇ ಜೋಡಿ-ಚೀಟಿ, ಚತುರ್ಭುಜಗಳ ಪಾಠ, 12 ವಾರ, ವಾರಕ್ಕೆ ಎರಡು ಪಿರಿಯಡ್. ಎರಡು ಅನುಮಾನ ಉಳಿದಿವೆ. ಪೂರ್ವ ಪರೀಕ್ಷೆಯ ಪ್ರಶ್ನೆಗಳನ್ನೇ ಉತ್ತರ ಪರೀಕ್ಷೆಗೂ ಬಳಸಬಹುದೇ? ಆಗಸ್ಟಿನಲ್ಲಿ ಶುರು ಮಾಡಿದರೆ ಆಗುತ್ತದೆಯೇ?

ಅಂಕಿಅಂಶ_ಕಟ್ಟೆ:

ಅವೇ ಪ್ರಶ್ನೆ ಬೇಡ, ಸಮಾನಾಂತರ ಪತ್ರಿಕೆ ಮಾಡಿ. 40 ಪ್ರಶ್ನೆ ಬರೆದು, ಅಧ್ಯಯನದಲ್ಲಿಲ್ಲದ ಶಾಲೆಯ ಸುಮಾರು 50 ಮಕ್ಕಳಿಗೆ ಕೊಟ್ಟು ನೋಡಿ. ಲ್ಯಾಬ್ ಇಲ್ಲವೆಂದು ಬಿಟ್ಟ ಆ ಮೂರು ಶಾಲೆಗಳು ಇದಕ್ಕೇ ಹೇಳಿಮಾಡಿಸಿದಂತಿವೆ. ಶೇ. 30ಕ್ಕಿಂತ ಕಡಿಮೆ ಅಥವಾ ಶೇ. 70ಕ್ಕಿಂತ ಹೆಚ್ಚು ಮಕ್ಕಳು ಸರಿಮಾಡಿದ ಪ್ರಶ್ನೆಗಳನ್ನು ತೆಗೆಯಿರಿ. ಉಳಿದವನ್ನು ಕಠಿಣತೆ ಸರಿದೂಗುವಂತೆ ಎರಡು ಪತ್ರಿಕೆಗೆ ಹಂಚಿ. ಅರ್ಧ ಮಕ್ಕಳಿಗೆ ಮೊದಲು 'ಅ', ಆಮೇಲೆ 'ಆ', ಉಳಿದರ್ಧಕ್ಕೆ ತಿರುಗಾಮುರುಗಾ. ಜೊತೆಗೆ ಕಳೆಯುವುದು, ಭಾಗಾಕಾರದ ನಾಲ್ಕು ಸುಲಭ ಲೆಕ್ಕ ಬೇರೆಯಾಗಿ ಇರಲಿ. 8ನೇ ತರಗತಿಯಲ್ಲೂ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲಾಗದ ಮಕ್ಕಳಿದ್ದಾರೆ. ಅವರು ಸೊನ್ನೆಯ ಬುಡದಲ್ಲೇ ಗುಂಪಾಗಿ ನಿಂತರೆ ಏರಿಕೆ ಕಾಣಿಸುವುದೇ ಇಲ್ಲ.

ಆಗಸ್ಟ್ ಬೇಡ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಆಮೇಲೆ ಪರೀಕ್ಷೆ, ದಸರಾ ರಜೆ ಎಂದು ನಿಮ್ಮ 24 ಪಿರಿಯಡಿನಲ್ಲಿ ಎಷ್ಟೋ ಜಾರಿಹೋಗುತ್ತವೆ. ದಸರಾ ಮುಗಿದ ಮೇಲೆ ಶುರು ಮಾಡಿ. ಆದರೆ ನಿಮ್ಮದು ಕಬ್ಬು ಕಡಿಯಲು ಗುಳೆ ಹೋಗುವ ತಾಲ್ಲೂಕಾದರೆ ಅದೇ ಹೊತ್ತಿಗೆ ಮಕ್ಕಳೂ ಖಾಲಿಯಾಗುತ್ತಾರೆ. ಹಾಗಿದ್ದಲ್ಲಿ ಜೂನ್ ಕೊನೆಯ ವಾರವೇ ಪೂರ್ವ ಪರೀಕ್ಷೆ ಮಾಡಿ, ಜುಲೈ ಮೊದಲ ವಾರ ಲ್ಯಾಬ್ ಹತ್ತಿಸಿ. ಬಿಇಒ ಅನುಮತಿ ಪತ್ರಕ್ಕೆ ಏಪ್ರಿಲಿನಲ್ಲೇ ಅರ್ಜಿ ಹಾಕಬೇಕಾಗುತ್ತದೆ.

ಲ್ಯಾಬ್_ಬೀಗದಕೈ:

ಮಳೆಗಾಲದಲ್ಲಿ ಮಾಡುವುದಾದರೆ ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ಎಳೆಯುತ್ತದೆ ಎಂದು 10 ಯಂತ್ರವನ್ನೂ ಹಾಕಿ, ಮೇನ್ಸ್ ಆರಿಸಿ, ಒಮ್ಮೆ ಅಳೆದುಕೊಳ್ಳಿ. 24 ನಿಮಿಷಕ್ಕಿಂತ ಕಡಿಮೆ ಬಂದರೆ, ಕರೆಂಟು ಹೋದ ದಿನ ಆ ಮಕ್ಕಳು ಏನು ಮಾಡಬೇಕು ಎಂಬುದನ್ನು ಯೋಜನೆಯಲ್ಲೇ ಬರೆದಿಡಿ. ಅವತ್ತು ತರಗತಿಯ ಗುಂಪಿನ ಜೊತೆ ಕೂರಿಸಿದರೆ ಆ ಪಿರಿಯಡ್ ಎರಡೂ ಗುಂಪಿಗೆ ಒಂದೇ ಆಯಿತು. ದಾರದ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಆ ಪಿರಿಯಡನ್ನು ಯಂತ್ರದ ನಿಮಿಷಗಳ ಲೆಕ್ಕಕ್ಕೆ ಸೇರಿಸಬೇಡಿ.